ಹಿಂದಿನ ಸೀಟಿನವರ ಮತ

2025ರ ದಸರಾ ಮುಗಿದ ಮೇಲೆ ಶಿವಮೊಗ್ಗದ ನಮ್ಮ ಮನೆಯಲ್ಲಿ ಎರಡು ಪಕ್ಷಗಳಾದವು. ಮಗನದು ಟಾಟಾ ನೆಕ್ಸಾನ್ ಪಕ್ಷ, ಸೊಸೆಯದು ಮಾರುತಿ ಬ್ರೆಝಾ ಪಕ್ಷ. ಹನ್ನೆರಡು ವರ್ಷ ದುಡಿದ ಹಳೆಯ ಪುಟ್ಟ ಕಾರನ್ನು ಕೊಟ್ಟು ಹೊಸದು ತರಬೇಕೆಂಬುದರಲ್ಲಿ ಇಬ್ಬರಿಗೂ ಒಮ್ಮತವಿತ್ತು. ಯಾವುದು ಎಂಬುದರಲ್ಲಿ ಮಾತ್ರ ಇರಲಿಲ್ಲ. ಬೆಳಿಗ್ಗೆ ಕಾಫಿಗೆ ಕೂತಾಗ ಶುರುವಾದ ಚರ್ಚೆ ರಾತ್ರಿ ಮಜ್ಜಿಗೆ ಅನ್ನದವರೆಗೂ ನಡೆಯುತ್ತಿತ್ತು.

ಕೊನೆಗೆ ಸೊಸೆ, "ಮಾವ, ನೀವು ಬ್ಯಾಂಕಿನಲ್ಲಿ ಇದ್ದವರು. ಲೆಕ್ಕ ಹಾಕಿ ನೀವೇ ಹೇಳಿ" ಅಂದಳು. ಮಗನೂ, "ಹೌದಪ್ಪ, ನೀವು ಹೇಳಿದ ಹಾಗೇ ಆಗಲಿ" ಅಂದ. ನಾಲ್ಕು ಲಕ್ಷ ರೂಪಾಯಿಯ ನನ್ನ ಠೇವಣಿಯೊಂದು ಆ ತಿಂಗಳು ಕೈಗೆ ಬರುವುದಿತ್ತು. ಅದನ್ನು ಕಾರಿಗೆ ಕೊಡುತ್ತೇನೆಂದು ನಾನು ಮೊದಲೇ ಒಪ್ಪಿದ್ದೆ. ಹೀಗೆ ಪಂಚಾಯಿತಿ ನನ್ನ ತಲೆಗೆ ಬಂತು.

ನನಗೆ ಕಾರು ಓಡಿಸಲು ಬರುವುದಿಲ್ಲ. ಆದರೆ ಎರಡು ಕಾಲಂ ಎಳೆದು ತಾಳೆ ನೋಡಲು ಬರುತ್ತದೆ. ಹಳೆಯ ನೋಟ್‌ಬುಕ್ ಒಂದನ್ನು ತೆಗೆದು ಎಡಕ್ಕೆ ನೆಕ್ಸಾನ್, ಬಲಕ್ಕೆ ಬ್ರೆಝಾ ಎಂದು ಬರೆದೆ. ಒಂಬತ್ತನೇ ತರಗತಿಯ ಮೊಮ್ಮಗನನ್ನು ಸಹಾಯಕನಾಗಿ ನೇಮಿಸಿಕೊಂಡೆ. ಒಂದನೇ ತರಗತಿಯ ಪುಟ್ಟಿ ತಾನೂ ಬರುತ್ತೇನೆಂದು ಟೇಪು ಹಿಡಿದು ನಿಂತಳು.

ಐದು ಮಿಲಿಮೀಟರಿನ ಗುಟ್ಟು

ಮೊದಲ ಸಾಲಿನಲ್ಲೇ ಒಂದು ಸೋಜಿಗ ಕಾದಿತ್ತು. ನೆಕ್ಸಾನಿನ ಉದ್ದ 3995 ಮಿಲಿಮೀಟರ್. ಬ್ರೆಝಾದ ಉದ್ದ? ಅದೂ 3995 ಮಿಲಿಮೀಟರ್! "ಅಜ್ಜ, ಕಾಪಿ ಹೊಡೆದಿದ್ದಾರಾ?" ಅಂದ ಮೊಮ್ಮಗ.

ಕಾಪಿಯಲ್ಲ ಮಕ್ಕಳೇ, ಇದು ತೆರಿಗೆಯ ಮಹಿಮೆ. 2006ರ ಕೇಂದ್ರ ಬಜೆಟ್ಟಿನಲ್ಲಿ ಸಣ್ಣ ಕಾರುಗಳ ಅಬಕಾರಿ ಸುಂಕವನ್ನು ಶೇಕಡಾ 24ರಿಂದ 16ಕ್ಕೆ ಇಳಿಸಿದರು. ಸಣ್ಣ ಕಾರು ಎಂದರೆ ಯಾವುದು? ಉದ್ದ ನಾಲ್ಕು ಮೀಟರ್ ಮೀರಬಾರದು. ಎಂಜಿನ್ ಪೆಟ್ರೋಲಿನದಾದರೆ 1200 ಸಿ.ಸಿ., ಡೀಸೆಲಿನದಾದರೆ 1500 ಸಿ.ಸಿ. ಮೀರಬಾರದು. ಅಂದಿನಿಂದ ನಮ್ಮ ದೇಶದ ಕಾರು ತಯಾರಕರು ನಾಲ್ಕು ಮೀಟರಿನ ಗೆರೆಯೊಳಗೇ ಎಲ್ಲವನ್ನೂ ತುರುಕುವ ವಿದ್ಯೆ ಕಲಿತರು. ಎರಡೂ ಕಾರುಗಳು ಆ ಗೆರೆಗೆ ಐದು ಮಿಲಿಮೀಟರ್ ಈಚೆಗೆ ನಿಂತಿವೆ. ಐದು ಮಿಲಿಮೀಟರ್ ಎಂದರೆ ನಿಮ್ಮ ಪೆನ್ಸಿಲಿನ ದಪ್ಪಕ್ಕಿಂತಲೂ ಕಡಿಮೆ!

2025ರ ಸೆಪ್ಟೆಂಬರ್ 22ರಿಂದ ಜಿ.ಎಸ್.ಟಿ. ದರ ಬದಲಾಯಿತು. ಮೇಲೆ ಹೇಳಿದ ಅಳತೆಯೊಳಗಿನ ಕಾರಿಗೆ ಶೇಕಡಾ 18, ಅದನ್ನು ಮೀರಿದ್ದಕ್ಕೆ ಶೇಕಡಾ 40. ಈಗ ನೋಡಿ: ನೆಕ್ಸಾನಿನ ಪೆಟ್ರೋಲ್ ಎಂಜಿನ್ 1199 ಸಿ.ಸಿ., ಡೀಸೆಲ್ ಎಂಜಿನ್ 1497 ಸಿ.ಸಿ. ಎರಡೂ ಗೆರೆಯೊಳಗಿವೆ. ಬ್ರೆಝಾಗೆ ಇರುವುದು 1462 ಸಿ.ಸಿ.ಯ ಪೆಟ್ರೋಲ್ ಎಂಜಿನ್. ಉದ್ದದಲ್ಲಿ ಪಾಸಾದ ಬ್ರೆಝಾ ಎಂಜಿನ್ನಿನಲ್ಲಿ ಗೆರೆ ದಾಟಿತು. ಹಾಗಾಗಿ ಒಂದಕ್ಕೆ ಶೇಕಡಾ 18, ಇನ್ನೊಂದಕ್ಕೆ ಶೇಕಡಾ 40.

ಮೊಮ್ಮಗನಿಗೆ ಒಂದು ಲೆಕ್ಕ ಕೊಟ್ಟೆ. ತೆರಿಗೆ ಸೇರದ ಬೆಲೆ ಏಳು ಲಕ್ಷ ಎಂದು ಇಟ್ಟುಕೋ. ಶೇಕಡಾ 18 ಸೇರಿಸಿದರೆ ಎಷ್ಟು, 40 ಸೇರಿಸಿದರೆ ಎಷ್ಟು? ಮೊದಲನೆಯದು 8,26,000, ಎರಡನೆಯದು 9,80,000. ವ್ಯತ್ಯಾಸ 1,54,000. ಷೋರೂಮಿನಲ್ಲಿ ಕೇಳಿದಾಗ ತೀರಾ ಆರಂಭದ ಮಾದರಿಗಳ ಬೆಲೆಯಲ್ಲಿ ಸುಮಾರು ಒಂದು ಲಕ್ಷದ ಅಂತರವಿತ್ತು. ನೆಕ್ಸಾನ್ ಏಳೂಕಾಲು ಲಕ್ಷ ದಾಟಿತ್ತು, ಬ್ರೆಝಾ ಎಂಟೂಕಾಲು ಲಕ್ಷದ ಸುತ್ತ ಇತ್ತು. ಆ ಬೆಲೆ ಷೋರೂಮಿನ ಬಾಗಿಲವರೆಗೆ ಮಾತ್ರ. ರಸ್ತೆಗಿಳಿಯುವ ಬೆಲೆ ಬೇರೆ, ಅದನ್ನು ಮುಂದೆ ಹೇಳುತ್ತೇನೆ.

ಎರಡು ಕಾಲಂ

ಎರಡನ್ನೂ ಜನ ಎಸ್‌ಯುವಿ ಎನ್ನುತ್ತಾರೆ. ನಿಜವಾಗಿ ಇವು ಜೀಪಿನ ಜಾತಿಯವಲ್ಲ. ಜೀಪಿಗೆ ಲಾರಿಯಂತೆ ಕೆಳಗೆ ಗಟ್ಟಿ ಚಾಸಿ ಇದ್ದು ಅದರ ಮೇಲೆ ಒಡಲನ್ನು ಕೂರಿಸಿರುತ್ತಾರೆ. ಇವುಗಳಲ್ಲಿ ಚಾಸಿಯೂ ಒಡಲೂ ಒಂದೇ ಆಗಿರುತ್ತದೆ, ಸಾಮಾನ್ಯ ಕಾರಿನಂತೆ. ಕಾರಿನ ಮೈಗೆ ಜೀಪಿನ ಎತ್ತರ ಕೊಟ್ಟ ಈ ಬಗೆಯನ್ನು ಕ್ರಾಸ್‌ಓವರ್ ಎನ್ನುತ್ತಾರೆ. ಎರಡರಲ್ಲೂ ಎಂಜಿನ್ನಿನ ಬಲ ಹೋಗುವುದು ಮುಂದಿನ ಎರಡು ಚಕ್ರಗಳಿಗೆ ಮಾತ್ರ. ಆದ್ದರಿಂದ ಮಳೆಗಾಲದಲ್ಲಿ ಅಡಿಕೆ ತೋಟದ ಕೆಸರಿಗೆ ಇಳಿಸುತ್ತೇನೆ ಎಂದು ಯಾರೂ ಹುರುಪು ತೋರಬಾರದು.

ನಮ್ಮ ನೋಟ್‌ಬುಕ್ಕಿನಲ್ಲಿ ಬರೆದದ್ದು ಇಷ್ಟು. ನೆಲದಿಂದ ಕಾರಿನ ಹೊಟ್ಟೆಯವರೆಗಿನ ಎತ್ತರ ನೆಕ್ಸಾನಿಗೆ 208 ಮಿಲಿಮೀಟರ್, ಬ್ರೆಝಾಗೆ 198. ರಸ್ತೆಯ ಉಬ್ಬುಗಳಿಗೆ ಎರಡೂ ಸಾಕು. ಡಿಕ್ಕಿಯ ಜಾಗ ನೆಕ್ಸಾನಿಗೆ 382 ಲೀಟರ್, ಬ್ರೆಝಾಗೆ 328. "54 ಲೀಟರ್ ವ್ಯತ್ಯಾಸ ಅಂದರೆ ಎಷ್ಟಜ್ಜ?" ಎಂದು ಪುಟ್ಟಿ ಕೇಳಿದಳು. ಅಡುಗೆಮನೆಯ 15 ಲೀಟರಿನ ಎಣ್ಣೆ ಡಬ್ಬ ತೋರಿಸಿ, "ಇಂಥವು ಮೂರೂವರೆ" ಅಂದೆ. ಊರಿಂದ ಬರುವಾಗ ಹಲಸು, ತೆಂಗಿನಕಾಯಿ ತುಂಬುವ ನಮ್ಮಂಥವರಿಗೆ ಅದು ಸಣ್ಣ ಮಾತಲ್ಲ.

ಬಲದ ಕಾಲಂ ಸುಮ್ಮನಿರಲಿಲ್ಲ. ಬ್ರೆಝಾದ ಎತ್ತರ 1685 ಮಿಲಿಮೀಟರ್, ನೆಕ್ಸಾನಿನದು 1620. ಆರೂವರೆ ಸೆಂಟಿಮೀಟರ್ ಎತ್ತರವೆಂದರೆ ಒಳಗೆ ಕೂತವರ ತಲೆಗೆ ನೆಮ್ಮದಿ. ಬ್ರೆಝಾದ್ದು ನಾಲ್ಕು ಸಿಲಿಂಡರಿನ ಎಂಜಿನ್, ನಯವಾಗಿ ಓಡುತ್ತದೆ. ನೆಕ್ಸಾನಿನ ಪೆಟ್ರೋಲ್ ಎಂಜಿನ್ನಿಗೆ ಮೂರೇ ಸಿಲಿಂಡರ್, ಆದರೆ ಟರ್ಬೊ ಇರುವುದರಿಂದ ಏರು ಹತ್ತುವಾಗ ಬಲ ಹೆಚ್ಚು. ದೇಶದಲ್ಲಿ ಅತಿ ಹೆಚ್ಚು ಸರ್ವಿಸ್ ಕೇಂದ್ರಗಳಿರುವುದು ಮಾರುತಿಗೆ. "ದಾರಿಯಲ್ಲಿ ಕೈಕೊಟ್ಟರೆ ತೀರ್ಥಹಳ್ಳಿಯಲ್ಲೋ ಸಾಗರದಲ್ಲೋ ಯಾರಾದರೂ ಸಿಗುತ್ತಾರೆ ಮಾವ" ಎಂದು ಸೊಸೆ ಹೇಳಿದ್ದರಲ್ಲಿ ತಪ್ಪಿಲ್ಲ.

ಮೈಲೇಜಿನ ಜಗಳವನ್ನು ಒಂದೇ ಗುಣಾಕಾರದಲ್ಲಿ ಮುಗಿಸಿದೆ. ಎರಡೂ ಪೆಟ್ರೋಲ್ ಕಾರುಗಳಿಗೆ ಕಂಪನಿ ಹೇಳುವುದು, ಮಾದರಿಗೆ ತಕ್ಕಂತೆ, ಲೀಟರಿಗೆ 17ರಿಂದ 20 ಕಿಲೋಮೀಟರಿನ ಒಳಗೆ. ನಾವು ವರ್ಷಕ್ಕೆ ಓಡಿಸುವುದು ಎಂಟು ಸಾವಿರ ಕಿಲೋಮೀಟರ್. ಒಂದು 17, ಇನ್ನೊಂದು 19 ಕೊಟ್ಟರೂ ವರ್ಷಕ್ಕೆ ವ್ಯತ್ಯಾಸ 50 ಲೀಟರ್. ಲೀಟರಿಗೆ ನೂರು ರೂಪಾಯಿ ಎಂದು ಹಿಡಿದರೆ ಐದು ಸಾವಿರ. ಅಂದರೆ ತಿಂಗಳಿಗೆ ನಾನೂರು ಚಿಲ್ಲರೆ. ಇಷ್ಟಕ್ಕಾಗಿ ಗಂಡ ಹೆಂಡತಿ ಮೂರು ದಿನ ಮಾತು ಬಿಡಬೇಕಾಗಿರಲಿಲ್ಲ.

ಮಗನಿಗೆ ಡೀಸೆಲ್ ಮೇಲೆ ಕಣ್ಣಿತ್ತು. ಅದನ್ನು ನಾನೇ ತಡೆದೆ. 2020ರ ಏಪ್ರಿಲಿನಲ್ಲಿ ಬಿ.ಎಸ್.6 ನಿಯಮ ಬಂದ ಮೇಲೆ ಡೀಸೆಲ್ ಕಾರಿನ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಜಾಲರಿ ಇರುತ್ತದೆ. ಕಾರು ಆಗಾಗ ದೂರ ಓಡಿ ಚೆನ್ನಾಗಿ ಕಾದರೆ ಆ ಮಸಿ ಸುಟ್ಟು ಹೋಗುತ್ತದೆ. ಶಾಲೆ, ಮಾರುಕಟ್ಟೆ, ದೇವಸ್ಥಾನ ಎಂದು ಎರಡೆರಡು ಕಿಲೋಮೀಟರ್ ಓಡುವ ನಮ್ಮಂಥವರ ಕಾರಿನಲ್ಲಿ ಅದು ಕಟ್ಟಿಕೊಳ್ಳುತ್ತದೆ. ದೂರ ಓಡುವವರಿಗೆ ಡೀಸೆಲ್ ಸರಿ, ನಮಗಲ್ಲ.

ಅಜ್ಜಿಯ ಪರೀಕ್ಷೆ

ಷೋರೂಮುಗಳಿಗೆ ಮನೆಮಂದಿಯೆಲ್ಲ ಹೋದೆವು. ಎರಡೂ ಕಡೆ ಕೂರಿಸಿ ಕಾಫಿ ಕೊಟ್ಟರು. ಮಾತಾಡಿಸಿದ್ದು ಮಾತ್ರ ಓಡಿಸುವವರನ್ನು. ಮುಂದಿನ ಸೀಟಿನ ಪರದೆ, ಹಾಡು, ಗುಂಡಿಗಳು, ಬೆಳಕು ಎಲ್ಲವನ್ನೂ ತೋರಿಸಿದರು. ಟೆಸ್ಟ್ ಡ್ರೈವ್ ಎಂದರೆ ಸ್ಟೇರಿಂಗ್ ಹಿಡಿಯುವವರಿಗೆ ಎಂದೇ ಲೆಕ್ಕ. ಹಿಂದಿನ ಸೀಟಿನಲ್ಲಿ ಬದುಕು ಕಳೆಯುವ ನಮ್ಮಂಥವರನ್ನು ಯಾರೂ ಕೇಳಲಿಲ್ಲ. ಯೋಚಿಸಿ ನೋಡಿ, ಕಾರಿನಲ್ಲಿ ಐವರು ಹೋದರೆ ಮೂವರು ಕೂರುವುದು ಹಿಂದೆಯೇ. ಅಲ್ಲಿ ಕೂರುವುದು ಅಜ್ಜ, ಅಜ್ಜಿ, ಮಕ್ಕಳು.

ಹಾಗಾಗಿ ನಾನು ಒಂದು ಷರತ್ತು ಹಾಕಿದೆ. ನನ್ನ ಹೆಂಡತಿಗೆ ಎರಡೂ ಮಂಡಿಗಳ ಶಸ್ತ್ರಚಿಕಿತ್ಸೆ ಆಗಿದೆ. ಅವಳು ಸೀರೆ ಉಟ್ಟುಕೊಂಡು ಪ್ರತಿ ಕಾರಿಗೂ ಐದು ಸಲ ಹತ್ತಿ ಐದು ಸಲ ಇಳಿಯಬೇಕು. ಮೊಮ್ಮಗ ಪಕ್ಕದಲ್ಲಿ ನಿಂತು ಬರೆದುಕೊಳ್ಳಬೇಕು. ಷೋರೂಮಿನ ಹುಡುಗ ನಕ್ಕ. ಆಮೇಲೆ ಪಾಪ, ಅವನೇ ಬಾಗಿಲು ಹಿಡಿದು ನಿಂತ.

ಹಳೆಯ ಕಾರಿನಲ್ಲಿ ಅವಳು ಬಾವಿಗೆ ಇಳಿದ ಹಾಗೆ ಇಳಿದು ಕೂರಬೇಕಿತ್ತು, ಏಳುವಾಗ ಯಾರಾದರೂ ಕೈ ಕೊಡಬೇಕಿತ್ತು. ಈ ಎರಡರಲ್ಲೂ ಸೀಟು ಎತ್ತರದಲ್ಲಿದೆ. ಕುರ್ಚಿಯಲ್ಲಿ ಕೂತಂತೆ ಕೂರಬಹುದು. ಕ್ರಾಸ್‌ಓವರುಗಳನ್ನು ವಯಸ್ಸಾದವರು ಇಷ್ಟಪಡುವುದು ಇದಕ್ಕೇ. ಬ್ರೆಝಾದ ಬಾಗಿಲಲ್ಲಿ ಅವಳು ತಲೆ ಬಗ್ಗಿಸದೇ ಸರಾಗವಾಗಿ ಹತ್ತಿದಳು. ನೆಕ್ಸಾನಿನ ಚಾವಣಿ ಹಿಂದಕ್ಕೆ ಇಳಿಜಾರಾಗಿದೆ; ಅಲ್ಲಿ ತಲೆ ತಗ್ಗಿಸಬೇಕು, ಅದೇ ಹೊತ್ತಿಗೆ ಕಾಲು ಎತ್ತಬೇಕು. ಮೂರನೇ ಸಲಕ್ಕೆ ಅವಳು ಬಾಗಿಲು ಹಿಡಿದು ಒಂದು ಕ್ಷಣ ನಿಂತಳು. ನಾನು ನೋಡಿಯೂ ನೋಡದಂತೆ ಇದ್ದೆ. ಮೊಮ್ಮಗ ಬಲದ ಕಾಲಮ್ಮಿನಲ್ಲಿ ದೊಡ್ಡದಾಗಿ ಸರಿ ಗುರುತು ಹಾಕಿದ. ಸೊಸೆಯ ಮುಖ ಅರಳಿತು.

ಅಲ್ಲಿಗೆ ಲೆಕ್ಕ ಮುಗಿಯಿತು ಎಂದೇ ಎಲ್ಲರೂ ತಿಳಿದರು. ನನ್ನ ಮನಸ್ಸಿನಲ್ಲಿ ಒಂದು ಸಾಲು ಮಾತ್ರ ಖಾಲಿ ಉಳಿದಿತ್ತು. ಅದನ್ನು ಬರೆಯಲು ನನಗೆ ಧೈರ್ಯ ಬಂದಿರಲಿಲ್ಲ.

ತೊಡೆಯ ಲೆಕ್ಕ

ಈಗ ನನ್ನ ತಪ್ಪೊಂದನ್ನು ಹೇಳಬೇಕು.

ಆ ವರ್ಷದ ಆಗಸ್ಟಿನಲ್ಲಿ ನಾವೆಲ್ಲ ಹಳೆಯ ಕಾರಿನಲ್ಲಿ ತೀರ್ಥಹಳ್ಳಿ ಕಡೆಗೆ ಹೊರಟಿದ್ದೆವು. ದಾರಿಯಲ್ಲಿ ಮಂಡಗದ್ದೆ ಸಿಗುತ್ತದೆ. ಮಳೆಗಾಲದಲ್ಲಿ ಅಲ್ಲಿ ತುಂಗೆಯ ನಡುವಿನ ಮರಗಳ ಮೇಲೆ ಬೆಳ್ಳಕ್ಕಿಗಳು ಗೂಡು ಕಟ್ಟುತ್ತವೆ. ದೂರದಿಂದ ಮರಕ್ಕೆ ಹತ್ತಿ ಅಂಟಿಸಿದಂತೆ ಕಾಣುತ್ತದೆ. ಪುಟ್ಟಿಗೆ ಕಿಟಕಿ ಎಟುಕುತ್ತಿರಲಿಲ್ಲ. "ಅಜ್ಜಾ, ಕಾಣ್ತಿಲ್ಲ" ಎಂದು ಗೋಳಾಡಿದಳು. ನಾನು ಅವಳ ಬೆಲ್ಟ್ ಬಿಚ್ಚಿ ತೊಡೆಯ ಮೇಲೆ ಕೂರಿಸಿಕೊಂಡೆ. ಮುಂದೆ ಕೂತಿದ್ದ ಸೊಸೆ ತಿರುಗಿ, "ಮಾವ, ಬೆಲ್ಟ್ ಹಾಕಿ ಕೂರಿಸಿ" ಅಂದಳು. ನಾನು, "ನಾನಿದ್ದೀನಲ್ಲಮ್ಮ, ಹಿಡ್ಕೊಂಡಿರ್ತೀನಿ" ಅಂದೆ.

ತಿರುವಿನಲ್ಲಿ ಒಂದು ಕರು ಅಡ್ಡ ಬಂತು. ಮಗ ಬ್ರೇಕ್ ಒತ್ತಿದ. ವೇಗ ನಲವತ್ತೂ ಇರಲಿಲ್ಲ. ಕರುವಿಗೆ ಏನೂ ಆಗಲಿಲ್ಲ, ಕಾರಿಗೂ ಆಗಲಿಲ್ಲ. ಪುಟ್ಟಿ ಮಾತ್ರ ನನ್ನ ಎರಡು ಕೈಗಳ ನಡುವಿನಿಂದ ಜಾರಿ ಮುಂದಿನ ಸೀಟಿಗೆ ಮುಖ ಬಡಿದುಕೊಂಡಳು. ತುಟಿ ಒಡೆಯಿತು. ಹಣೆ ಊದಿಕೊಂಡಿತು. ಎರಡು ಹೊಲಿಗೆ ಬಿದ್ದವು.

ಸೊಸೆ ಒಂದು ಮಾತೂ ಆಡಲಿಲ್ಲ. ಅಂದೂ ಇಲ್ಲ, ಆಮೇಲೂ ಇಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಕೇಳಿದವರಿಗೆಲ್ಲ ನಾನು, "ಮಗು ಜಾರಿ ಬಿತ್ತು" ಎಂದೇ ಹೇಳುತ್ತಿದ್ದೆ. ಬಿದ್ದದ್ದು ಮಗುವಲ್ಲ, ನನ್ನ ಮಾತು.

ಷೋರೂಮಿನಿಂದ ಬಂದ ರಾತ್ರಿ ಇದನ್ನು ಮೊಮ್ಮಗನಿಗೆ ಹೇಳಿ, "ನಾನು ಇನ್ನೂ ಗಟ್ಟಿಯಾಗಿ ಹಿಡಿದಿದ್ದರೆ ಆಗುತ್ತಿತ್ತೇನೋ" ಅಂದೆ. ಅವನ ವಿಜ್ಞಾನ ಪುಸ್ತಕದಲ್ಲಿ ಚಲನೆಯ ನಿಯಮಗಳ ಪಾಠವಿದೆ. ಅವನು ಪೆನ್ಸಿಲ್ ತೆಗೆದುಕೊಂಡು ಕೂತ.

ಕಾರು ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿದ್ದರೆ ಒಂದು ಸೆಕೆಂಡಿಗೆ ಸುಮಾರು 14 ಮೀಟರ್ ಹೋಗುತ್ತದೆ. ಕಾರು ಏನಕ್ಕಾದರೂ ಗುದ್ದಿ ನಿಂತರೂ ಒಳಗಿರುವವರು ಅದೇ ವೇಗದಲ್ಲಿ ಮುಂದಕ್ಕೆ ಹೋಗುತ್ತಲೇ ಇರುತ್ತಾರೆ. ಬಸ್ಸು ಬ್ರೇಕ್ ಹಾಕಿದಾಗ ನಾವು ಮುಗ್ಗರಿಸುವುದು ಇದಕ್ಕೇ. ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಆ ವೇಗ ಸೊನ್ನೆಯಾಗಬೇಕಾದರೆ ದೇಹದ ತೂಕದ ಸುಮಾರು 14 ಪಟ್ಟು ಬಲ ಬೇಕು. ಪುಟ್ಟಿಯ ತೂಕ 18 ಕಿಲೋ. 18ನ್ನು 14ರಿಂದ ಗುಣಿಸಿದರೆ 252.

"ಅಜ್ಜ, ಎರಡೂವರೆ ಕ್ವಿಂಟಾಲ್. 25 ಕಿಲೋ ಅಕ್ಕಿ ಮೂಟೆ ಹತ್ತು. ನೀವಲ್ಲ, ಯಾರೂ ಹಿಡಿಯಕ್ಕಾಗಲ್ಲ" ಅಂದ. ಸ್ವಲ್ಪ ಹೊತ್ತು ಬಿಟ್ಟು, ಆ ವೇಗದಲ್ಲಿ ಗುದ್ದುವುದು ಎಂದರೆ ಸುಮಾರು ಹತ್ತು ಮೀಟರ್ ಎತ್ತರದಿಂದ, ಅಂದರೆ ಮೂರನೇ ಮಹಡಿಯಿಂದ ಬಿದ್ದ ಹಾಗೆ, ಎಂದೂ ಲೆಕ್ಕ ಮಾಡಿ ತೋರಿಸಿದ.

ಅಜ್ಜ ಅಜ್ಜಿಯರೇ, ನಮ್ಮ ತೊಡೆ ಮಗುವಿಗೆ ಕಥೆ ಕೇಳಲು ಒಳ್ಳೆಯ ಜಾಗ. ಓಡುವ ಕಾರಿನಲ್ಲಿ ಅಲ್ಲ. ಪ್ರೀತಿಯ ಕೈಗೆ ಹತ್ತು ಮೂಟೆ ಹಿಡಿಯುವ ಬಲ ಬರುವುದಿಲ್ಲ. ಕಾನೂನೂ ಇದನ್ನೇ ಹೇಳುತ್ತದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ ಪ್ರಕಾರ 14 ವರ್ಷದೊಳಗಿನ ಮಗುವನ್ನು ಸೀಟ್ ಬೆಲ್ಟ್ ಅಥವಾ ಮಕ್ಕಳ ಸೀಟಿನಲ್ಲಿ ಭದ್ರವಾಗಿ ಕೂರಿಸದಿದ್ದರೆ ಒಂದು ಸಾವಿರ ರೂಪಾಯಿ ದಂಡ. ಹಿಂದೆ ಕೂರುವ ದೊಡ್ಡವರಿಗೂ ಬೆಲ್ಟ್ ಕಡ್ಡಾಯ. ನಾನು ಹನ್ನೆರಡು ವರ್ಷ ಆ ಬೆಲ್ಟನ್ನು ಸೀಟಿನ ಸಂದಿಯಲ್ಲಿ ತುರುಕಿಟ್ಟಿದ್ದೆ.

ನಕ್ಷತ್ರಗಳ ಅಂಕಪಟ್ಟಿ

ಮರುದಿನ ಖಾಲಿ ಸಾಲಿನಲ್ಲಿ "ಗುದ್ದಿದಾಗ ಹಿಂದಿನವರ ಗತಿ" ಎಂದು ಬರೆದೆ.

ಇದಕ್ಕೂ ಪರೀಕ್ಷೆ ಇದೆ ಮಕ್ಕಳೇ. ಕಾರಿನಲ್ಲಿ ಮನುಷ್ಯರ ಬದಲು ಅಳತೆಯ ಯಂತ್ರ ತುಂಬಿದ ಬೊಂಬೆಗಳನ್ನು ಕೂರಿಸಿ, ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಅಡ್ಡಗೋಡೆಗೆ ಗುದ್ದಿಸುತ್ತಾರೆ. ಪಕ್ಕದಿಂದಲೂ ಗುದ್ದಿಸುತ್ತಾರೆ. ಹಿಂದಿನ ಸೀಟಿನಲ್ಲಿ ಒಂದೂವರೆ ವರ್ಷದ ಮತ್ತು ಮೂರು ವರ್ಷದ ಮಕ್ಕಳ ಗಾತ್ರದ ಬೊಂಬೆಗಳಿರುತ್ತವೆ. ದೊಡ್ಡವರಿಗೆ ಬೇರೆ, ಮಕ್ಕಳಿಗೆ ಬೇರೆ ನಕ್ಷತ್ರ ಕೊಡುತ್ತಾರೆ. ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆ ಮೊದಲಿನಿಂದ ಇದನ್ನು ಮಾಡುತ್ತಿತ್ತು. 2023ರ ಅಕ್ಟೋಬರಿನಿಂದ ನಮ್ಮದೇ ಆದ ಭಾರತ್ ಎನ್‌ಕ್ಯಾಪ್ ಬಂದಿದೆ.

ನೆಕ್ಸಾನ್ 2018ರಲ್ಲಿ ದೊಡ್ಡವರ ರಕ್ಷಣೆಗೆ ಐದು ನಕ್ಷತ್ರ ಪಡೆಯಿತು; ಭಾರತದಲ್ಲಿ ತಯಾರಾಗಿ ಇಲ್ಲೇ ಮಾರುವ ಕಾರುಗಳಲ್ಲಿ ಅದೇ ಮೊದಲು. ಆಮೇಲೆ ಪರೀಕ್ಷೆಯ ನಿಯಮಗಳು ಬಿಗಿಯಾದವು. 2024ರಲ್ಲಿ ಹೊಸ ನೆಕ್ಸಾನ್ ದೊಡ್ಡವರಿಗೂ ಮಕ್ಕಳಿಗೂ ಐದೈದು ನಕ್ಷತ್ರ ತಂದಿತು. ಹಳೆಯ ವಿಟಾರಾ ಬ್ರೆಝಾ 2018ರಲ್ಲಿ ದೊಡ್ಡವರಿಗೆ ನಾಲ್ಕು, ಮಕ್ಕಳಿಗೆ ಎರಡು ನಕ್ಷತ್ರ ಪಡೆದಿತ್ತು. 2022ರಲ್ಲಿ ಬಂದ ಈಗಿನ ಬ್ರೆಝಾ ಬೇರೆ ಕಾರು. ಅದರ ಭಾರತ್ ಎನ್‌ಕ್ಯಾಪ್ ಅಂಕಪಟ್ಟಿ ನಾವು ಕೊಳ್ಳುವ ಹೊತ್ತಿಗೆ ಪ್ರಕಟವಾಗಿರಲಿಲ್ಲ.

ಇಲ್ಲಿ ನ್ಯಾಯವಾಗಿ ಮಾತಾಡಬೇಕು. ಪರೀಕ್ಷೆಗೆ ಕೂರದವನು ನಾಪಾಸಾದವನಲ್ಲ. ಅಣ್ಣನ ಹಳೆಯ ಅಂಕಪಟ್ಟಿಯನ್ನು ತಮ್ಮನ ಕೊರಳಿಗೆ ಕಟ್ಟುವುದೂ ಸರಿಯಲ್ಲ. ಮಾರುತಿಯದೇ ಹೊಸ ಡಿಝೈರ್ 2024ರಲ್ಲಿ ದೊಡ್ಡವರ ರಕ್ಷಣೆಗೆ ಐದು ನಕ್ಷತ್ರ ಪಡೆದಿದೆ. ನಾವು ನೋಡಿದ ಎರಡೂ ಕಾರುಗಳಲ್ಲಿ ಆರಾರು ಏರ್‌ಬ್ಯಾಗ್ ಇದ್ದವು. ಆದರೆ ಬ್ಯಾಂಕಿನಲ್ಲಿ ಸಾಲ ಕೊಡುವಾಗ ನಾವು ಕೇಳುತ್ತಿದ್ದುದು ಒಂದೇ: ಕಾಗದ ಎಲ್ಲಿ? ಬಾಯಿಮಾತು ನಿಜವೇ ಇರಬಹುದು. ಕಡತಕ್ಕೆ ಕಾಗದ ಬೇಕು. ಮಗುವಿನ ನಕ್ಷತ್ರದ ಕಾಗದ ಎಡದ ಕಾಲಮ್ಮಿನಲ್ಲಿ ಇತ್ತು, ಬಲದಲ್ಲಿ ಇರಲಿಲ್ಲ.

ಸಾಲದ ಸಾಲು

ಹಣದ ಮಾತು ಮುಗಿಸಿಬಿಡುತ್ತೇನೆ. ನಮ್ಮ ರಾಜ್ಯದಲ್ಲಿ ಐದರಿಂದ ಹತ್ತು ಲಕ್ಷದ ಕಾರಿಗೆ ಜೀವಿತಾವಧಿ ರಸ್ತೆ ತೆರಿಗೆ ಶೇಕಡಾ 14. ಹತ್ತು ಲಕ್ಷ ದಾಟಿ ಇಪ್ಪತ್ತರವರೆಗೆ ಶೇಕಡಾ 17. ಇದರ ಮೇಲೆ ಸೆಸ್ ಬೇರೆ. 9,90,000ದ ಕಾರಿಗೆ ತೆರಿಗೆ 1,38,600. ಇಪ್ಪತ್ತು ಸಾವಿರ ಹೆಚ್ಚಾಗಿ 10,10,000 ಆದರೆ ತೆರಿಗೆ 1,71,700. ಬಿಸಿಲುಕಿಂಡಿಯ ಆಸೆಗೆ ಹತ್ತು ಲಕ್ಷ ದಾಟಿದರೆ ತೆರಿಗೆಯೇ ಮೂವತ್ತಮೂರು ಸಾವಿರ ಏರುತ್ತದೆ. ಮಗ ಆ ಕಿಂಡಿಯನ್ನು ಅಲ್ಲೇ ಮುಚ್ಚಿದ.

ಸಾಲ ಆರು ಲಕ್ಷ. ಬಡ್ಡಿ ಶೇಕಡಾ 9 ಎಂದು ಹಿಡಿದರೆ ಐದು ವರ್ಷಕ್ಕೆ ಕಂತು ಸುಮಾರು 12,455. ಏಳು ವರ್ಷಕ್ಕಾದರೆ 9,653. ಕಂತು ಸಣ್ಣದೆಂದು ಏಳು ವರ್ಷ ಆರಿಸುವವರು ಬಹಳ. ಒಟ್ಟು ಬಡ್ಡಿ ನೋಡಿ: ಐದು ವರ್ಷದಲ್ಲಿ ಸುಮಾರು 1,47,000, ಏಳು ವರ್ಷದಲ್ಲಿ 2,11,000. ಅರವತ್ತನಾಲ್ಕು ಸಾವಿರ ಹೆಚ್ಚು! ನನ್ನ ಸಲಹೆ ಐದೇ ವರ್ಷ. ಅಷ್ಟು ಕಂತು ಕಷ್ಟವಾದರೆ ಕಾರು ಸಣ್ಣದಾಗಲಿ, ಸಾಲ ಉದ್ದವಾಗುವುದು ಬೇಡ.

ಮತದಾನ

ಭಾನುವಾರ ಊಟವಾದ ಮೇಲೆ ನೋಟ್‌ಬುಕ್ ಓದಿದೆ. ಎರಡು ಕಾಲಮ್ಮುಗಳೂ ಬಹುತೇಕ ಸಮ. ಎಡಕ್ಕೆ ತೆರಿಗೆ, ಡಿಕ್ಕಿ, ನಕ್ಷತ್ರ. ಬಲಕ್ಕೆ ಎಂಜಿನ್ನಿನ ನಯ, ಸರ್ವಿಸ್, ಅಜ್ಜಿಯ ಮಂಡಿ. ನಕ್ಷತ್ರದ ಸಾಲು ಬಂದಾಗ ಮಂಡಗದ್ದೆಯ ದಿನದ ಮಾತನ್ನೂ ಎತ್ತಿದೆ. "ಅವತ್ತು ನೀನು ಹೇಳಿದ್ದು ಸರಿಯಮ್ಮ, ನಾನು ಕೇಳಬೇಕಿತ್ತು" ಎಂದು ಸೊಸೆಗೆ ಎಲ್ಲರೆದುರೇ ಹೇಳಿದೆ. ಅವಳು ತಟ್ಟೆಯ ಅಂಚು ಒರೆಸುತ್ತ, "ಬಿಡಿ ಮಾವ" ಅಂದಳು. ಧ್ವನಿ ಬೇರೆಯಾಗಿತ್ತು.

ಇನ್ನು ತೀರ್ಪು. ಮಗುವಿನ ಕಡೆ ಹೇಳಿದರೆ ಹೆಂಡತಿಯ ಮಂಡಿಗೆ ಅನ್ಯಾಯ, ಹೆಂಡತಿಯ ಕಡೆ ಹೇಳಿದರೆ ಮಗುವಿಗೆ. ಬಾಯಿ ಬರದೆ ಕೂತಿದ್ದೆ.

ಅಷ್ಟು ದಿನ ಒಂದು ಮಾತೂ ಆಡದ ಅವಳೇ ಬಾಯಿ ತೆರೆದಳು. "ರೀ, ಇಷ್ಟಕ್ಕೆ ಯಾಕೆ ಒದ್ದಾಡ್ತೀರಿ? ನನ್ನ ಮಂಡಿಗೆ ಒಂದು ಮಣೆ ಇಟ್ಟುಕೊಂಡರೆ ಆಯಿತು. ಮಗುವಿನ ಹಣೆಗೆ ಏನು ಇಟ್ಟುಕೊಳ್ಳೋದು?"

ಸೊಸೆ ನಕ್ಕು, "ಆಯ್ತು ಅತ್ತೆ, ನಂದೂ ಅದೇ ವೋಟು" ಅಂದಳು. ದೀಪಾವಳಿಗೆ ನೆಕ್ಸಾನ್ ಬಂತು, ಪೆಟ್ರೋಲಿನದು. ಕಾರಿಗಿಂತ ಎರಡು ದಿನ ಮೊದಲೇ ಮಗುವಿನ ಬೂಸ್ಟರ್ ಸೀಟು ಬಂದಿತ್ತು. ದೊಡ್ಡವರ ಬೆಲ್ಟು ಸಣ್ಣ ಮಕ್ಕಳ ಕುತ್ತಿಗೆಗೂ ಹೊಟ್ಟೆಗೂ ಒತ್ತುತ್ತದೆ. ಸುಮಾರು 145 ಸೆಂಟಿಮೀಟರ್ ಎತ್ತರ ಬೆಳೆಯುವವರೆಗೆ ಅವರನ್ನು ಎತ್ತರಿಸಿ ಕೂರಿಸುವ ಈ ಸೀಟು ಬೇಕು. ಆಗ ಬೆಲ್ಟು ಭುಜದ ಮೇಲೂ ಸೊಂಟದ ಮೇಲೂ ಸರಿಯಾಗಿ ಕೂರುತ್ತದೆ. ಅಡುಗೆಮನೆಯ ಹಳೆಯ ಮಣೆಗೆ ಕೆಳಗೆ ರಬ್ಬರ್ ಅಂಟಿಸಿ ಡಿಕ್ಕಿಯಲ್ಲಿ ಇಟ್ಟಿದ್ದೇವೆ. ಅಜ್ಜಿ ಹತ್ತುವಾಗ ಮೊಮ್ಮಗ ಅದನ್ನು ಇಡುತ್ತಾನೆ.

ನಿಮ್ಮ ಮನೆಯ ಲೆಕ್ಕ ಬೇರೆಯಾಗಿರಬಹುದು. ಪುಟ್ಟ ಮಕ್ಕಳಿಲ್ಲದ, ಮಂಡಿ ನೋವಿನ ಇಬ್ಬರೇ ಇರುವ ಮನೆಗೆ ಬ್ರೆಝಾವೇ ಸರಿ ಎಂದು ನಾನೇ ಹೇಳಿಯೇನು. ನೀವು ಹೋಗುವ ಹೊತ್ತಿಗೆ ಹೊಸ ಅಂಕಪಟ್ಟಿಯೂ ಬಂದಿರಬಹುದು, ಕೇಳಿ ನೋಡಿ. ಯಾವ ಕಾರೇ ಆಗಲಿ, ಈ ನಾಲ್ಕನ್ನು ಬಿಡಬೇಡಿ:

ಒಂದು, ಅಜ್ಜಿ ಐದು ಸಲ ಹತ್ತಿ ಇಳಿಯಲಿ.

ಎರಡು, ಟೆಸ್ಟ್ ಡ್ರೈವಿನಲ್ಲಿ ಅರ್ಧ ಗಂಟೆ ಹಿಂದಿನ ಸೀಟಿನಲ್ಲೇ ಕೂತು ಬನ್ನಿ.

ಮೂರು, ಹಿಂದಿನ ಮಧ್ಯದ ಸೀಟಿಗೂ ಭುಜದ ಮೇಲೆ ಹಾಯುವ ಬೆಲ್ಟ್ ಇದೆಯೇ, ಮಕ್ಕಳ ಸೀಟು ಸಿಕ್ಕಿಸುವ ಕೊಂಡಿಗಳಿವೆಯೇ ಎಂದು ಮಕ್ಕಳೇ ಕೈ ಹಾಕಿ ನೋಡಲಿ. ಆ ಕೊಂಡಿಗೆ ಐಸೊಫಿಕ್ಸ್ ಎನ್ನುತ್ತಾರೆ.

ನಾಲ್ಕು, ಕೂಸನ್ನು ಹಿಮ್ಮುಖವಾಗಿ ಕೂರಿಸುವ ಸೀಟನ್ನು ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಎಂದೂ ಇಡಬೇಡಿ.

ನವೆಂಬರಿನಲ್ಲಿ ಮತ್ತೆ ತೀರ್ಥಹಳ್ಳಿಗೆ ಹೊರಟೆವು. ಹಕ್ಕಿಗಳ ಕಾಲ ಮುಗಿಯುತ್ತ ಬಂದಿತ್ತು. ಮಂಡಗದ್ದೆ ಹತ್ತಿರವಾದಾಗ ನನ್ನ ಕೈ ತಾನಾಗಿಯೇ ಪುಟ್ಟಿಯ ಕಡೆ ಹೋಯಿತು. ಅವಳು ಬೂಸ್ಟರ್ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡು ರಾಣಿಯಂತೆ ಕೂತಿದ್ದಳು. ಎತ್ತರ ಬಂದಿದ್ದರಿಂದ ಕಿಟಕಿಯಾಚೆಯ ನದಿ, ಮರ, ಉಳಿದ ಬೆಳ್ಳಕ್ಕಿಗಳು ಎಲ್ಲ ಅವಳಿಗೆ ಕಾಣುತ್ತಿದ್ದವು.

"ಅಜ್ಜಾ, ಹನ್ನೊಂದು ಎಣಿಸಿದೆ" ಅಂದಳು. ಆಮೇಲೆ ನನ್ನ ಭುಜ ನೋಡಿ, "ನಿನ್ನ ಬೆಲ್ಟ್ ಎಲ್ಲಿ?" ಅಂದಳು.

ಹಾಕಿಕೊಂಡೆ.